ಅವರಿಗೆ ವಿಮಾನ, ನಮಗೆ ಹಂಸ

ಮನೆಯೊಡತಿಗೆ,

ಕಾರ್ಡ್ ತಿರುಗಿಸಿ ನೋಡು. ಫೋಟೊ ಸ್ಟುಡಿಯೊದ ಪರದೆಯ ಮೇಲೆ ಬರೆದ ವಿಮಾನದ ಮುಂದೆ, ಮಡಿಲಲ್ಲಿ ರೇಡಿಯೊ ಇಟ್ಟುಕೊಂಡು ಬಿಗಿದು ಕೂತ ಹೊಸ ಜೋಡಿ ನಾವಲ್ಲ, ಆಫ್ರಿಕಾದವರು. ನಮ್ಮ ಮದುವೆ ಫೋಟೊದ ಪರದೆಯಲ್ಲಿ ಹಂಸಗಳ ಕೊಳವಿತ್ತು, ಅಷ್ಟೇ ವ್ಯತ್ಯಾಸ. ನಾನು ಕಬ್ಬಿಣದ ರ್‍ಯಾಕ್ ಕೂರಿಸುತ್ತಿರುವ ಈ ಗ್ರಂಥಾಲಯದಲ್ಲಿ ಆಫ್ರಿಕಾದ ಈಗಿನ ಕಾದಂಬರಿ, ಕವಿತೆ, ಚಿತ್ರಗಳಿಗೆಂದೇ ಒಂದು ಕೋಣೆಯಿದೆ. ಅಲ್ಲಿ ಈ ಕಾರ್ಡಿನ ಫೋಟೊವನ್ನು ಬಾಗಿಲಷ್ಟು ದೊಡ್ಡದು ಮಾಡಿ ತೂಗುಹಾಕಿದ್ದಾರೆ. ಜನ ಪಿಸುಮಾತಿನಲ್ಲಿ ಹೊಗಳುತ್ತಾರೆ.

"ಆ ರೇಡಿಯೊ ಸ್ಟುಡಿಯೊದವರದ್ದೇ ಅಂತೆ ಸರ್, ಬಂದೋರಿಗೆಲ್ಲ ಅದನ್ನೇ ಕೊಡ್ತಿದ್ರಂತೆ," ಎಂದರು ಗ್ರಂಥಪಾಲಕಿ. ನಾನು ಗಂಭೀರವಾಗಿ ತಲೆಯಾಡಿಸಿದೆ. ನಮ್ಮ ಫೋಟೊದಲ್ಲಿ ನನ್ನ ಕೈಗಿದ್ದ ಗಡಿಯಾರ ಯಾರದ್ದೆಂದು ಅವರಿಗೇಕೆ?

ಹೊಸ ಮನೆಯ ಹಾಲ್‌ನಲ್ಲಿ ನಮ್ಮ ಫೋಟೊ ಹಾಕೋಣವೆಂದು ನೀನು ಗೋಗರೆದರೂ, ಬೀಗರು ನಕ್ಕಾರೆಂದು ಅಟ್ಟಕ್ಕೇರಿಸಿದವನು ನಾನು. ಈಗ ಇಳಿಸು. ದೊಡ್ಡ ಮೊಳೆಯನ್ನೇ ಹೊಡೆಸು, ಚೌಕಟ್ಟು ಭಾರವಿದೆ. ಬೀಗರು ನಕ್ಕರೆ ಈ ಕಾರ್ಡ್ ತೋರಿಸು. "ನಾನು ಆಗ್ಲೇ ಹೇಳಿರ್ಲಿಲ್ವೇನ್ರೀ" ಎನ್ನುವುದನ್ನು ಮಾತ್ರ ದಿನಕ್ಕೊಂದೇ ಸಲಕ್ಕೆ ನಿಲ್ಲಿಸು.

ಮಂಡಿನೋವು ಇಳಿದಿದೆ. ನೀನು ಮಾತ್ರೆ ತಪ್ಪಿಸಬೇಡ.

ಇಂತಿ,
ಎರವಲು ಗಡಿಯಾರದ ಗಂಡ