ಹಾಡೋರು ಎಷ್ಟು ಜನ?

ಚಳ್ಳಕೆರೆ,
ಬುಧವಾರ, ೧೦ ಜುಲೈ ೨೦೨೪

ಸ್ವಪ್ನಾ,

ನೀನು ಚೆನ್ನಾಗಿದ್ದೀಯೆಂದೇ ತಿಳಿದು ಬರೆಯುತ್ತಿದ್ದೇನೆ. ಫೋನು ಎತ್ತದಿದ್ದರೆ ಬೇಡ, ಕಾಗದವನ್ನಾದರೂ ಕೊನೆಯವರೆಗೆ ಓದು. ನನಗೊಂದು ಮೈಕು ಆರಿಸಿಕೊಡಬೇಕು. ತಲೆ ಕೆಟ್ಟು ಕೆರ ಹಿಡಿದಿದೆ.

ಅವ್ವನ ಕೊರಳಿನ ಗಡ್ಡೆಗೆ ಸೋಮವಾರ ಆಪರೇಷನ್. ಜೀವಕ್ಕೆ ಭಯವಿಲ್ಲ, ಆದರೆ ದನಿ ಮೊದಲಿನಂತೆ ಇರುತ್ತದೆಂದು ಹೇಳಲಾರೆವು ಎಂದರು ಡಾಕ್ಟರು. ಅಷ್ಟರೊಳಗೆ ಅವಳ ಶೇಂಗಾ ಕಳೆ ತೆಗೆಯುವ ಹಾಡುಗಳನ್ನೆಲ್ಲ ಹಿಡಿದಿಡಬೇಕು.

ಮೈಕ್ ಸೆಟ್ ಅಂಗಡಿಯ ಶಹನವಾಜ್ ಮೂರು ತರದವನ್ನು ಮುಂದಿಟ್ಟ. ಒಂದು, ಕಣ್ಣುಪಟ್ಟಿ ಕಟ್ಟಿದ ಕುದುರೆಯಂಥದು. ಎದುರಿನ ದನಿಯನ್ನಷ್ಟೇ ಹಿಡಿಯುತ್ತದೆ. ಇನ್ನೊಂದು ಸ್ಟೀರಿಯೊ, ಒಂದೇ ತಲೆಗೆ ಎರಡು ಕಿವಿ. ಎಡಕ್ಕೆ ಕೂತವರ ದನಿ ಎಡಕ್ಕೇ ಕೇಳುತ್ತದೆ, ಬಲಕ್ಕೆ ಕೂತವರದು ಬಲಕ್ಕೆ. ಆದರೆ ಪಕ್ಕದ ಮನೆಯ ಮೇಕೆ, ಬೀದಿಯ ಆಟೊ ಎಲ್ಲವೂ ಪುಕ್ಕಟೆ ಬರುತ್ತವಂತೆ. ಮೂರನೆಯದೂ ಸ್ಟೀರಿಯೊನೇ, ಅದರ ಕಿವಿಗಳನ್ನು ಅಗಲಿಸಬಹುದು, ಕೂಡಿಸಬಹುದು. ಎಷ್ಟು ಅಗಲಿಸಬೇಕು? ಹತ್ತಿರ ಇಟ್ಟರೆ ಉಸಿರು ಬಿರುಗಾಳಿಯಾಗುತ್ತದೆ, ದೂರ ಇಟ್ಟರೆ ಗೋಡೆ ಹಾಡುತ್ತದೆ. ಅವನು ಹೇಳುವಾಗ ಎಲ್ಲ ತಿಳಿಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

"ಹಾಡೋರು ಎಷ್ಟು ಜನ ಭಾಯ್?" ಎಂದು ಅವನು ಕೇಳಿದ್ದ. ಒಬ್ಬರು ಎಂದೆ. ಮತ್ತೆ ಇಬ್ಬರು ಎಂದೆ.

"ನಿಮ್ಮನೇಲಿ ಹಾಡೋರು ಎಷ್ಟು ಜನ ಅಂತ ನಿನಗೇ ಗೊತ್ತಿಲ್ಲ, ಮೈಕಿಗೇನ್ ಗೊತ್ತಾಗ್ತೈತೆ? ಮೊದ್ಲು ಎಣಿಸ್ಕೊಂಡ್ ಬಾ," ಎಂದು ನಕ್ಕ.

ಯುಗಾದಿಯ ಮಾರನೆಯ ದಿನ ನಾನು ಫೋನಿನಲ್ಲಿ ಹಾಡು ಹಿಡಿದದ್ದು ನಿನಗೆ ಮರೆತಿರಲಿಕ್ಕಿಲ್ಲ. ಕಳೆ ತೆಗೆಯುವ ಸಾಲಿನಲ್ಲಿ ಅರ್ಧ ಸೊಲ್ಲು ಹಾಡಿದವಳು ಉಸಿರು ತೆಗೆದುಕೊಳ್ಳುತ್ತಾಳೆ, ಉಳಿದರ್ಧ ಜೊತೆಯವಳದು. ಅವ್ವ ಎತ್ತುವವಳು, ಮುಗಿಸುವವಳು ನೀನು. ಅಷ್ಟು ಗೊತ್ತಿದ್ದೂ, ಅವ್ವನ ದನಿ ಚೊಕ್ಕವಾಗಿ ಬರಲೆಂದು, ನೆಂಟರ ಮುಂದೆ "ನೀ ಸುಮ್ನಿರೇ, ನಿನ್ ದನಿ ಯಾರಿಗ್ ಬೇಕು" ಎಂದುಬಿಟ್ಟೆ. ನೀನು ಹಾಡು ಮುಗಿಯುವವರೆಗೂ ಬಾಯಿ ಮುಚ್ಚಿ ಕೂತು, ಆಮೇಲೆ ಬ್ಯಾಗು ತೆಗೆದುಕೊಂಡು ತವರಿಗೆ ಹೊರಟೆ. ಕೇಳಿದವರಿಗೆ, ಮೊಳಕಾಲ್ಮೂರಿನಲ್ಲಿ ಮಗ್ಗದ ಕೆಲಸವಿದೆ ಎನ್ನುತ್ತೇನೆ. ಹತ್ತಿರದವರಿಗೆ, ಅದೊಂದೇ ಮಾತಿಗೆ ಹೋದಳು ಎನ್ನುತ್ತೇನೆ. ಅದೊಂದೇ ಮಾತಲ್ಲವೆಂದು ನಮ್ಮಿಬ್ಬರಿಗೆ ಗೊತ್ತು.

ನಿನ್ನೆ ಆ ಯುಗಾದಿಯ ಹಾಡನ್ನು ಹಾಕಿ ಕೇಳಿದೆ. "ಬೆಟ್ಟದ ಮ್ಯಾಲೆ ನಿಂತಾವಲ್ಲ, ಯಾರ ದನ ಅವು?" ಎನ್ನುತ್ತಾಳೆ ಅವ್ವ. ಮುಂದೆ ಏನೂ ಇಲ್ಲ. ಮತ್ತೆ ಕೇಳುತ್ತಾಳೆ. ಹತ್ತು ನಿಮಿಷ ಕೇಳುತ್ತಲೇ ಇದ್ದಾಳೆ, ಯಾರ ದನವೆಂದು ಹೇಳುವವರಿಲ್ಲ.

ನಾನೇ ಸೊಲ್ಲು ಮುಗಿಸಲು ನೋಡಿದೆ. "ಬಿಡಲೇ, ಟಗರು ಕೆಮ್ಮಿದಂಗೈತೆ," ಎಂದಳು ಅಲ್ಲೇ ಕೂತಿದ್ದ ಅವ್ವ. "ಸ್ವಪ್ನ ಬರ್ದೇ ಇದ್ರೆ ನಾ ಬಾಯಿ ಬಿಡಾಕಿಲ್ಲ. ಇರೋ ಹಾಡೆಲ್ಲ ಸೇರ್ಸಿ ಡಾಕ್ಟ್ರೇ ಕೊಯ್ಕಳ್ಳಲಿ."

ಎಡಕ್ಕೆ ಯಾರು, ಬಲಕ್ಕೆ ಯಾರು, ನಾನು ಕೂರುವುದೆಲ್ಲಿ? ಇದು ತಿಳಿಯದೆ ಮೈಕು ಹೇಗೆ ಆರಿಸಲಿ? ನೀನೇ ಹೇಳು.

ಎಣಿಕೆ ತಪ್ಪಿದವನು,
ವೀರೇಶ

ತಾ.ಕ.: ಶುಕ್ರವಾರ. ಈ ಕಾಗದ ಎರಡು ದಿನ ಜೇಬಿನಲ್ಲೇ ಇತ್ತು. ಇವತ್ತು ಅಂಚೆಗೆ ಹೊರಟರೆ ಅವ್ವ ತಡೆದಳು. "ಅದು ಮುಟ್ಟೋದ್ರಾಗೆ ನನ್ ಕತ್ತು ಕೊಯ್ದಿರ್ತಾರೆ, ನಡಿ ಬಸ್ಸಿಗೆ," ಎಂದಳು. ಶಹನವಾಜ್‌ನಿಂದ ಒಂದೇ ತಲೆಗೆ ಎರಡು ಕಿವಿಯದನ್ನೇ ತಂದೆ. ಕಾಗದ, ಮೈಕು, ರೆಕಾರ್ಡರು ಮೂರೂ ಅವ್ವನ ಚೀಲದಲ್ಲಿವೆ, ನಿಮ್ಮ ಮನೆಗೆ ಅವಳೊಬ್ಬಳೇ ಬರುತ್ತಾಳೆ. ನಾನು ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯವರೆಗೂ ಇರುತ್ತೇನೆ. ಮೈಕನ್ನು ನಿಮ್ಮಿಬ್ಬರ ನಡುವೆ ಇಡು. ಕೆಂಪು ಗುಂಡಿ ಒತ್ತಿದರೆ ಸಾಕು. ಒತ್ತುವವನು ನಾನೇ ಆಗಬೇಕೆಂದಿಲ್ಲ.