ಸೈನ್ಯ ಬಿಡಾರ ಹೂಡಿದ ಕಲ್ಲು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೈಯಬೇಡ. ಮಗಳಿಗೆ ಜ್ವರವಿತ್ತು, ಈಗ ವಾಸಿ. ಇವರ ಕ್ರೇನಿಗೂ ಬಿಡುವಿಲ್ಲ. ಹೆದ್ದಾರಿಯಲ್ಲಿ ದಿನಕ್ಕೊಂದು ಲಾರಿ ಪಲ್ಟಿ ಹೊಡೆಯುತ್ತದೆ.

ಇಲ್ಲೀಗ ಎಲ್ಲರ ಬಾಯಲ್ಲೂ ಒಂದೇ ಮಾತು. ಹಿಂದೆ ಯಾವುದೋ ಯುದ್ಧಕ್ಕೆ ಹೊರಟ ಸೈನ್ಯ ಇಲ್ಲಿ ಬಿಡಾರ ಹೂಡಿತ್ತೆಂದು ನೆಟ್ಟ ಕಲ್ಲಿದೆಯಲ್ಲ, ನರ್ಸಮ್ಮನ ಮನೆ ಮುಂದೆ, ಅದು ರಾತ್ರೋರಾತ್ರಿ ರಸ್ತೆ ದಾಟಿದೆ! ಈಗ ಎದುರುಬದಿಯಲ್ಲಿ, ನೀನು ಬಾಡಿಗೆಗೆ ಕೊಟ್ಟಿರುವ ಅಂಗಡಿಯ ಮುಂದೆ ನಿಂತಿದೆ. ರಸ್ತೆ ಅಗಲ ಮಾಡುವವರು ಸ್ಮಾರಕವಿರುವ ಬದಿಯನ್ನು ಮುಟ್ಟುವುದಿಲ್ಲವಂತೆ. ಅಳತೆಗೆ ಬಂದವರು ಹೊಸಬರು. "ಕಲ್ಲು ಎಲ್ಲಿದ್ಯೋ ನಮಗೆ ಅದೇ ಜಾಗ" ಅಂದುಬಿಟ್ಟರು. ನಿನ್ನ ಅಂಗಡಿ ಉಳಿಯಿತು, ನರ್ಸಮ್ಮನ ಮನೆ ಹೋಗುತ್ತದೆ.

ಒಬ್ಬರ ಮೇಲೊಬ್ಬರಿಗೆ ಗುಮಾನಿ. ಕ್ಷೌರದಂಗಡಿಯಲ್ಲಿ ರಸ್ತೆ ಗುತ್ತಿಗೆದಾರನನ್ನು ದೂರಿದರೆ, ಹಿಟ್ಟಿನ ಗಿರಣಿಯಲ್ಲಿ ನಿನ್ನ ಬಾಡಿಗೆಯವನನ್ನು. ನರ್ಸಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು, "ಯಾರೋ ಗೊತ್ತಿಲ್ದೋರು ಮಾಡಿರ್ಬೇಕು ಕಣೇ. ನಮ್ಮೋರು ಇಂಥ ಕೆಲ್ಸ ಮಾಡಲ್ಲ" ಅಂದರು. ನನ್ನ ಹೆರಿಗೆ ಮಾಡಿಸಿದ ಆ ಕೈಗಳಿಂದಲೇ ಮಗಳ ಹಣೆ ಮುಟ್ಟಿ ಜ್ವರ ನೋಡಿದರು.

ನನಗೆ ಮಾತ್ರ ಬೇರೆಯೇ ಅನುಮಾನ. ಅದು ನಾಲ್ಕು ಜನ ಹೊರುವ ಕಲ್ಲಲ್ಲ. ಇಲ್ಲಿ ಕ್ರೇನ್ ಇರುವುದೂ ಒಂದೇ. ಕಲ್ಲು ರಸ್ತೆ ದಾಟಿದ ರಾತ್ರಿ ಇವರು ಲಾರಿ ಬಿದ್ದಿದೆಯೆಂದು ಹೋಗಿದ್ದರು. ಎಲ್ಲಿ ಬಿದ್ದಿತ್ತು ಅಂದರೆ ತಡಬಡಾಯಿಸಿದರು. ಈಗ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಾರೆ, ಊಟಕ್ಕೆ ಕರೆದರೂ ಬೆಚ್ಚುತ್ತಾರೆ. ಆಸೆಬುರುಕ ಮನುಷ್ಯನಲ್ಲ. ಯಾರ ಮಾತಿಗೆ ಕಟ್ಟುಬಿದ್ದರೋ?

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಂಡಿನೋವು ಬೇಗ ಕಡಿಮೆಯಾಗಲಿ, ಮಕ್ಕಳು ಸುಖವಾಗಿರಲಿ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಇವರನ್ನೇ ಕೇಳಿಬಿಟ್ಟೆ. "ನಿನ್ನಕ್ಕ ಕೇಳ್ಕೊಂಡ್ರು. ನಮ್ಮ ಮದ್ವೆ ಮಾಡಿಸ್ದೋರು, ಹೇಗೆ ಇಲ್ಲ ಅನ್ಲಿ? ನಿಂಗೆ ಮಾತ್ರ ತಿಳೀಬಾರ್ದು ಅಂದ್ರು. ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ವಂತೆ" ಅಂದರು.

ಅಕ್ಕ, ನನ್ನ ಗಂಡನಿಂದಲೇ ನನಗೆ ಸುಳ್ಳು ಹೇಳಿಸಿದೆಯಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು ನೀನು. ನಿನ್ನ ಮೇಲೆ ಅನುಮಾನಪಡುವುದನ್ನು ನನಗೆ ನೀನೇ ಕಲಿಸಬೇಕಿತ್ತೇ?

ನೀನು ಹೇಳಿದ್ದೇನೋ ನಿಜ, ಮಾತು ನಿಲ್ಲುವುದಿಲ್ಲ. ಈಗಲೇ ನರ್ಸಮ್ಮನ ಮನೆಗೆ ಹೊರಟಿದ್ದೇನೆ. ಇವರೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾರೆ.