ಕಾರಿಗೆ ಸೈಕಲ್ ಪಂಪು

ರೀ,

ನಿಮ್ಮನ್ನ ಎಬ್ಬಿಸ್ಲಿಲ್ಲ. ತಂಗಿ ಮನೆ ಗೃಹಪ್ರವೇಶಕ್ಕೆ ಹಿರೇನಲ್ಲೂರಿಗೆ ಬಸ್ಸಲ್ಲೇ ಹೋಗ್ತಿದೀನಿ. ಬಂಕಲ್ಲಿ ಗಾಳಿಗೆ ಇಪ್ಪತ್ತು ರೂಪಾಯಿ ಕೇಳಿದ್ರು ಅಂತ ಜಗಳ ಆಡ್ಕೊಂಡು ಬಂದು, ಸೈಕಲ್ ಪಂಪಲ್ಲಿ ಕಾರಿಗೆ ಗಾಳಿ ಹೊಡೆಯೋ ಗಂಡಸು ಕಡೂರಿಗೆಲ್ಲ ನೀವೊಬ್ರೇ ಕಣ್ರೀ. ಮೂರು ಟಯರ್ ಹೆಂಗೋ ಉಬ್ಬಿದ್ವು, ನಾಲ್ಕನೇದಕ್ಕೆ ಸೊಂಟ ಹಿಡ್ಕೊಳ್ತು.

ಉಪ್ಪಿಟ್ಟು, ಫ್ಲಾಸ್ಕಲ್ಲಿ ಕಾಫಿ ದಿಂಬಿನ ಪಕ್ಕ ಇದೆ, ಮಲಗಿದ್ದಲ್ಲೇ ಕೈ ಚಾಚಿ. ಮುಲಾಮಿಗೆ ನೂರೈವತ್ತಾಯ್ತು. ಅಂಗಡಿಯವನ ಹತ್ರ ಜಗಳಕ್ಕೆ ಹೋಗ್ದೆ ಸುಮ್ನೆ ಹಚ್ಕೊಳಿ. ಪಂಪು ಹುಡುಕ್ಬೇಡಿ, ನನ್ನ ಬ್ಯಾಗಲ್ಲಿದೆ.

ಫ್ಯಾನ್ ಹಾಕಿಲ್ಲ. ಗಾಳಿಗೂ ದುಡ್ಡು ಕೊಡ್ಬೇಕಾ ಅಂತ ನಿನ್ನೆ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡಿದ್ರಲ್ಲ.

ಕಿಟಕಿ ತೆಗೆದಿದೀನಿ. ಆ ಗಾಳಿ ಬಿಟ್ಟಿ.

ಮಲ್ಲಿಕಾಂಬ